ಕುಂಟುವ ಸಾಲು

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುವ ಹೊತ್ತಿಗೆ ನಾನು ಕಂಡವರ ಮಕ್ಕಳ ಮಲ ಹೊರುವ ಕೆಲಸದಲ್ಲಿದ್ದೆ. ಹೀಗೆ ಬಿಡಿಸಿ ಹೇಳಿದ್ದರೆ ಕಾಪುವಿನ ನಮ್ಮ ಮನೆಯಲ್ಲಿ ನನಗೆ ಬೇರೆ ಬಟ್ಟಲು ಇಡುತ್ತಿದ್ದರು. ಅದಕ್ಕೆ ಅಮ್ಮನ ಹತ್ತಿರ "ಪೋಲಿಯೋ ಸರ್ವೇ" ಎಂದಷ್ಟೇ ಹೇಳಿದ್ದೆ. ಅಮ್ಮ ಕೇರಿಯಿಡೀ ಮಗ ಅರ್ಧ ಡಾಕ್ಟರಾದ ಎಂದು ಹೇಳಿ ಬಂದರು.

ಉಡುಪಿಯ ಒಂದು ಬಾಡಿಗೆ ಕೋಣೆಯೇ ನಮ್ಮ ಆಫೀಸು. ಒಬ್ಬರು ಡಾಕ್ಟರಮ್ಮ, ಒಬ್ಬರು ವಯಸ್ಸಾದ ನರ್ಸು, ಮತ್ತೆ ನಾನು. ನರ್ಸಿನದು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ. ಎಲ್ಲರಿಗೂ ಅವರು ಬಾಯಮ್ಮ. ಘಟ್ಟದಾಚೆಯಿಂದ ಕೂಲಿಗೆ ಬಂದವರ ಬಿಡಾರಗಳಿಗೆ ವಾರಕ್ಕೊಮ್ಮೆ ಹೋಗಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಯಾರ ಕಾಲಾದರೂ ಹೊಸದಾಗಿ ಸೋತಿದೆಯೇ ಎಂದು ನೋಡಬೇಕು. ಅನುಮಾನ ಬಂದರೆ ಆ ಮಗುವಿನ ಮಲವನ್ನು ಐಸ್ ಡಬ್ಬದಲ್ಲಿಟ್ಟು ತರಬೇಕು. ಆ ಜನ ಈ ತಿಂಗಳು ಮಣಿಪಾಲದ ಕಟ್ಟಡದಲ್ಲಿ, ಬರುವ ತಿಂಗಳು ಕಾರ್ಕಳದ ಕಲ್ಲುಕೋರೆಯಲ್ಲಿ. ಮಕ್ಕಳಿಗೆ ಒಂದು ಊರಿನಲ್ಲಿ ಪೋಲಿಯೋ ಲಸಿಕೆಯ ಮೊದಲ ಹನಿ ಹಾಕಿದರೆ ಎರಡನೆಯದರ ಹೊತ್ತಿಗೆ ಬಿಡಾರವೇ ಇರುತ್ತಿರಲಿಲ್ಲ. ಅವರ ಹಿಂದೆ ವೈರಸ್ಸು, ವೈರಸ್ಸಿನ ಹಿಂದೆ ನಾನು.

ಒಮ್ಮೆ ಹಿರಿಯಡ್ಕದಲ್ಲಿ ಬಸ್ಸು ಹತ್ತಿದವರೊಬ್ಬರು ನನ್ನ ತೊಡೆಯ ಮೇಲಿದ್ದ ಡಬ್ಬದಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಕೇಳಿದರು: "ಎಂತ ಮಾರಾಯ, ಬಂಗುಡೆ ಮೀನಾ?"

"ಅಲ್ಲ ಮಾರಾಯ್ರೇ, ಇದು ಸಮುದ್ರದ್ದಲ್ಲ. ತೆರೆದು ತೋರಿಸಲಾ?"

ಅವರ ಮುಖವನ್ನು ಆಫೀಸಿನಲ್ಲಿ ಮಾಡಿ ತೋರಿಸಿದಾಗ ಡಾಕ್ಟರಮ್ಮನೂ ನಕ್ಕರು. ಯಾರನ್ನು ಕಂಡರೂ ಅವರ ನಡಿಗೆ, ದನಿ, ಮೂಗು ಉಜ್ಜುವ ರೀತಿ ನನ್ನ ಮೈಯೊಳಗೆ ಬಂದು ಕೂತುಬಿಡುತ್ತಿತ್ತು. ಬಾಯಮ್ಮ ಕನ್ನಡಕ ಒರೆಸುವುದನ್ನು ಬಾಯಮ್ಮನೆದುರೇ ಮಾಡುತ್ತಿದ್ದೆ. "ನಿನಗೆ ನಿನ್ನದೂಂತ ಒಂದು ಮೋರೆ ಉಂಟಾ?" ಎಂದು ಕೇಳುತ್ತಿದ್ದರು. ಉಂಟು, ಆದರೆ ಅದನ್ನು ನೋಡಿ ಯಾರೂ ನಗುವುದಿಲ್ಲ ಎನ್ನುತ್ತಿದ್ದೆ.

ಈ ವಿದ್ಯೆ ಕೆಲಸಕ್ಕೂ ಬಂತು. ಬಿಡಾರದ ತಾಯಂದಿರನ್ನು "ಯಾರಾದರೂ ಕುಂಟುತ್ತಾರಾ?" ಎಂದು ಕೇಳಿದರೆ, ಆ ಮಾತು ಮಗುವಿಗೆ ತಟ್ಟೀತು ಎಂದು ಥೂ ಥೂ ಎಂದು ಉಗಿದು ಮುಖ ತಿರುಗಿಸುತ್ತಿದ್ದರು. ಹಾಗಾಗಿ ನಾನು ಕೇಳುವುದನ್ನು ಬಿಟ್ಟೆ. ಬಿಡಾರದ ಅಂಗಳದಲ್ಲಿ ಒಂದು ಕಾಲು ಎಳೆದುಕೊಂಡು, ಮಂಡಿಗೆ ಕೈ ಊರಿ ನಡೆದು ತೋರಿಸಿ, "ಹೀಗೆ ಯಾರಾದರೂ?" ಎನ್ನುತ್ತಿದ್ದೆ. ಅವರು ಸೆರಗು ಬಾಯಿಗೆ ಇಟ್ಟು ನಗುತ್ತಿದ್ದರು, ನಕ್ಕ ಮೇಲೆ ಉತ್ತರ ಕೊಡುತ್ತಿದ್ದರು. ಡಾಕ್ಟರಮ್ಮ ಮೆಚ್ಚಿದರು. ನಾನು ಉಬ್ಬಿದೆ.

ಮಕ್ಕಳು ಸುಮ್ಮನಿರುತ್ತಾರೆಯೇ? ಕಾರ್ಕಳದ ಕೋರೆಯಲ್ಲಿ ನನ್ನನ್ನು ಕಂಡ ಕೂಡಲೇ "ಕುಂಟ ಸಾಹೇಬ ಬಂದ!" ಎಂದು ಕೂಗಿ ಹಿಂದೆ ಸಾಲು ಕಟ್ಟುತ್ತಿದ್ದರು. ಮುಂದೆ ನಾನು, ಹಿಂದೆ ಇಪ್ಪತ್ತು ಮಕ್ಕಳು, ಎಲ್ಲರೂ ಮಂಡಿಗೆ ಕೈ ಊರಿ. ಕಲ್ಲು ಒಡೆಯುವವರು ಸುತ್ತಿಗೆ ಕೆಳಗಿಟ್ಟು ನೋಡುತ್ತಿದ್ದರು. ಒಂದು ಬುಧವಾರ ಸಾಲಿನ ಕೊನೆಯಲ್ಲಿ ಮೂರು ವರ್ಷದ ಒಬ್ಬಳು ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಕುಂಟುತ್ತಿದ್ದಳು. "ಇವಳು ನನ್ನನ್ನೂ ಮೀರಿಸುತ್ತಾಳೆ, ಅಲ್ವಾ?" ಎಂದು ಅವಳಿಗೆ ಒಂದು ಪೆಪ್ಪರಮಿಂಟು ಕೊಟ್ಟೆ. ರಿಜಿಸ್ಟರಿನಲ್ಲಿ "ಹೊಸ ಕುಂಟು ಇಲ್ಲ" ಎಂದು ಬರೆದು ಬಸ್ಸು ಹತ್ತಿದೆ.

ಮುಂದಿನ ಬುಧವಾರ ಸಾಲಿನಲ್ಲಿ ಅವಳಿರಲಿಲ್ಲ. ಬಿಡಾರದ ಬಾಗಿಲಲ್ಲಿ ಗೋಣಿಯ ಮೇಲೆ ಕೂತಿದ್ದಳು. ಅವಳ ತಾಯಿ ನನ್ನನ್ನು ನೋಡಿದ್ದೇ ಜಗಳಕ್ಕೆ ಬಂದಳು.

"ಏನ್ ಕಲಿಸಿ ಹೋದ್ರಿ ಸಾಹೇಬ್ರ? ನೀವು ಬರೋ ಮುಂಚಿನ ದಿನ ಮೈ ಸುಡತಿತ್ತು. ಜ್ವರ ಬಿಟ್ಟಿಂದ ಬರೇ ನಿಮ್ಮಂಗ ನಡ್ಯಾಕತ್ತಿದ್ಲು. ಚಾಷ್ಟಿ ಬಿಡಂತ ನಾಕು ಬಡದೆ. ಕೈ ಹಿಡಿದು ನೆಟ್ಟಗ ನಡಿಸಿದೆ, ಓಡಿಸಿದೆ. ಈಗ ಎದ್ದು ನಿಲ್ಲಂದ್ರೂ ನಿಲ್ಲವಲ್ಲು."

ಕೆಲಸಕ್ಕೆ ಸೇರಿದ ಮೊದಲ ದಿನವೇ ಡಾಕ್ಟರಮ್ಮ ಹೇಳಿದ್ದರು: ಶುರುವಿನ ದಿನಗಳಲ್ಲಿ ಮಗುವನ್ನು ಅಲ್ಲಾಡಿಸದೆ ಮಲಗಿಸಬೇಕು, ದಣಿದಷ್ಟೂ ಕಾಲು ಹೆಚ್ಚು ಸೋಲುತ್ತದೆ. ಕಂಕುಳಿಗೆ ಕೈ ಹಾಕಿ ಹುಡುಗಿಯನ್ನು ಮೇಲೆತ್ತಿದೆ. ಎತ್ತಿದರೆ ಯಾವ ಮಗುವೂ ಎರಡೂ ಕಾಲು ಒದೆಯುತ್ತದೆ. ಅವಳ ಎಡಗಾಲು ಒದೆಯಿತು. ಬಲಗಾಲು ಒದ್ದೆ ಬಟ್ಟೆಯ ಹಾಗೆ ನೇತಾಡಿತು. ಅಂಗಾಲಿಗೆ ಕಚಗುಳಿ ಇಟ್ಟೆ. ಅವಳು ನಕ್ಕಳು. ಕಾಲು ಅಲ್ಲಾಡಲಿಲ್ಲ.

"ಆಟ ಅಲ್ರಿ ಇದು?" ಎಂದಳು ತಾಯಿ. ದನಿಯಲ್ಲಿ ಜಗಳ ಇರಲಿಲ್ಲ.

ಮಾದರಿ ತೆಗೆದುಕೊಂಡು ಉಡುಪಿಗೆ ಬಂದೆ. ಡಾಕ್ಟರಮ್ಮ ಮೊದಲು ಕೇಳಿದ್ದು, "ಕುಂಟಲು ಶುರುವಾದ ದಿನ ಯಾವುದು?" ಎಂದು. ನಿನ್ನೆ ಎಂದುಬಿಡಬಹುದಿತ್ತು. ಎರಡು ವಾರ ದಾಟಿದರೆ ಮಲದಲ್ಲಿ ವೈರಸ್ಸು ಸಿಗುವುದು ಕಷ್ಟ, ಅದು ನನಗೂ ಗೊತ್ತಿತ್ತು. ದಿನ ತಪ್ಪು ಹೇಳಿದರೆ ಉಳಿದ ಮಕ್ಕಳ ಲೆಕ್ಕವೂ ತಪ್ಪುತ್ತಿತ್ತು.

"ಹೋದ ಬುಧವಾರ," ಎಂದೆ. "ನಾನು ನೋಡಿದ್ದೆ. ಅಣಕಿಸುತ್ತಾಳೆ ಎಂದುಕೊಂಡೆ."

ಅವರು ರಿಜಿಸ್ಟರು ತೆಗೆದು ನನ್ನ "ಇಲ್ಲ" ಎಂಬುದನ್ನು ಹೊಡೆದುಹಾಕಿದರು. ಬೈದಿದ್ದರೆ ಒಳ್ಳೆಯದಿತ್ತು. ಬಾಯಮ್ಮ ಮಾತ್ರ, "ಈಗ ಅಲ್ಲಿ ಯಾವ ಮಗುವಿನ ನಡಿಗೆ ನೋಡಿ ಎಂತ ಗೊತ್ತಾಗ್ತದೆ? ಎಲ್ಲರೂ ಕುಂಟುತ್ತಾರೆ," ಎಂದರು.

ಅದೇ ಭಯ. ಮರುದಿನ ಬೆಳಿಗ್ಗೆ ನಾವು ಮೂವರೂ ಕೋರೆಗೆ ಹೋದೆವು. ನನ್ನ ತಲೆ ಕಂಡದ್ದೇ ಸಾಲು ಎದ್ದಿತು, ಇಪ್ಪತ್ತು ಮಕ್ಕಳೂ ಕುಂಟುತ್ತಾ ನನ್ನೆಡೆಗೆ ಬಂದರು. ನಾನು ನಗಲಿಲ್ಲ ಎಂದು ಇನ್ನೂ ಜೋರಾಗಿ ಕುಂಟಿದರು. ಡಾಕ್ಟರಮ್ಮ ಹುಡುಗಿಯ ಮಂಡಿಗೆ ಸಣ್ಣ ಸುತ್ತಿಗೆ ತಟ್ಟಿ, ಮತ್ತೆ ತಟ್ಟಿ, ಕಾಲು ಜಿಗಿಯದ್ದನ್ನು ನೋಡಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. ಬಾಯಮ್ಮ ಎರಡನೆಯ ಮಾದರಿ ತೆಗೆದು, ಉಳಿದ ಮಕ್ಕಳ ಮಾದರಿಗೂ ಡಬ್ಬಿ ಹಂಚಿ, ಅದು ಕೈಗೆ ಬಂದ ಮೇಲೆ ಅವರ ಬಾಯಿಗೆ ಹನಿ ಹಾಕಿದರು. ಒಬ್ಬೊಬ್ಬರನ್ನಾಗಿ ಎತ್ತಿ ಕಾಲು ನೋಡುವ ಕೆಲಸ ನನ್ನದು. ಪ್ರತಿ ಮಗು ನೆಲ ಬಿಟ್ಟಾಗಲೂ ಎಡಗಾಲು, ಬಲಗಾಲು ಎಂದು ಎಣಿಸುತ್ತಿದ್ದೆ. ಎಲ್ಲರೂ ಒದ್ದರು.

ವಾರಗಳಾದ ಮೇಲೆ ಪ್ರಯೋಗಾಲಯದಿಂದ ಕಾಗದ ಬಂತು. ಹುಡುಗಿಯಲ್ಲಿ ವೈರಸ್ಸು ಇತ್ತು. ಸಾಲಿನಲ್ಲಿ ಕುಣಿದು ಬಂದಿದ್ದ ಇನ್ನಿಬ್ಬರಲ್ಲೂ ಇತ್ತು, ಅವರ ಕಾಲಿಗೆ ಏನೂ ಆಗಿರಲಿಲ್ಲ. ಅದನ್ನು ಓದಿ ನನಗೆ ಹೆಚ್ಚು ಹೆದರಿಕೆಯಾಯಿತು. ಅಂದರೆ ಕುಂಟದವರೂ ಅದನ್ನು ಹೊತ್ತು ಊರೂರು ಓಡಾಡುತ್ತಾರೆ.

ಆ ವಾರದ ಬುಧವಾರ ಕೋರೆಗೆ ಹೋದಾಗ ತಾಯಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಬಲಗಾಲಿನ ಹೆಬ್ಬೆರಳು ಒಂಚೂರು ಅಲ್ಲಾಡಿತು. ಮಂಡಿ ಅಲ್ಲಾಡಲಿಲ್ಲ.

"ಬರ್ತೈತೇನ್ರಿ ಕಾಲು?"

"ಸ್ವಲ್ಪ ಬರಬಹುದು," ಎಂದೆ. "ಪೂರ್ತಿ ಬರುವುದಿಲ್ಲ."

"ನಾ ಬಡದಿದ್ದಕ್ಕೇನು?"

"ಅಲ್ಲ," ಎಂದೆ. "ನಾನು ಮೊದಲ ದಿನ ಸಾಲಿನಲ್ಲೇ ನೋಡಬೇಕಿತ್ತು."

ಅವಳು ಮಗಳನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು, ಹಿಂದೆ ನಿಂತಿದ್ದ ಹೆಂಗಸಿಗೆ ದಾರಿ ಬಿಟ್ಟಳು. ಆ ಹೆಂಗಸು ತನ್ನ ಕೂಸನ್ನು ಎರಡು ಕೈಯಲ್ಲಿ ನನ್ನ ಮುಂದೆ ಚಾಚಿದಳು, ನಾನು ಎತ್ತಿ ನೋಡಲಿ ಎಂದು.