ಪ್ರೆಸ್ಸಿನ ಮುಂದೆ ಪರೀಕ್ಷೆ

ಡಬ್ಬಿಯ ಮುಚ್ಚಳ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಅಕ್ಕ. ತಗಡು ಒತ್ತುವ ಪ್ರೆಸ್ಸು ಅವಳ ಬಲಗೈಯ ಎರಡು ಬೆರಳು ನುಂಗಿದ ಮೇಲೆ ಆಫೀಸಿನಲ್ಲೊಂದು ಕುರ್ಚಿ ಸಿಕ್ಕಿತ್ತು. ಪೆಟ್ಟಾದವರು, ಅಂಗ ಊನವಾದವರು ಮತ್ತೆ ಕೆಲಸಕ್ಕೆ ಮರಳಲು ದಾರಿ ಮಾಡಿಕೊಡುವುದು ಅಲ್ಲಿ ಅವಳ ಪಾಲಿನ ಕೆಲಸ. ಅದಕ್ಕೂ ಒಂದು ಸರ್ಟಿಫಿಕೇಟು ಇದೆಯಂತೆ. ಪಾಸಾದರೆ ಕುರ್ಚಿ ಕಾಯಂ, ಇಲ್ಲವಾದರೆ ಮನೆ.

ಬರೆಯುವ ಪರೀಕ್ಷೆ ಹೇಗೋ ದಾಟಿದಳು. ಉಳಿದದ್ದು ಕೆಲಸದ ಜಾಗದಲ್ಲೇ ನಡೆಯುವ ಪರೀಕ್ಷೆ. ಅದರ ನಿಯಮವನ್ನು ಅವಳು ಎರಡೆರಡು ಸಲ ಓದಿದಳು: ಯಾರನ್ನು ಯಾವ ಕೆಲಸಕ್ಕೆ ಕಳಿಸಬೇಕೋ, ಆ ಕೆಲಸವನ್ನು ಮೊದಲು ತಾನೇ ಮಾಡಿ ನೋಡಬೇಕು. ಅವಳ ಪಾಲಿಗೆ ಬಂದವನು ಪ್ರೆಸ್ಸಿನವನು.

ಅವನಿಗೆ ಕಾರ್ಖಾನೆ ಇಟ್ಟ ಹೆಸರು ನಾಟಕದವನು. ಅಂಗಿಯ ತೋಳು ಯಂತ್ರಕ್ಕೆ ಸಿಕ್ಕಿ ಭುಜದ ಕೀಲು ತಪ್ಪಿತ್ತು. ಡಾಕ್ಟರರು ಪೂರ್ತಿ ವಾಸಿಯಾಗಿದೆ ಎಂದರು. ಕ್ಯಾಂಟೀನಿನಲ್ಲಿ ನೀರಿನ ಕ್ಯಾನು ಎತ್ತುವ ಕೈ ಪ್ರೆಸ್ಸಿನ ಮುಂದೆ ಮಾತ್ರ ಮೇಲೇಳುತ್ತಿರಲಿಲ್ಲ. ಕೈ ಸರಿಯಿದೆ ಎಂದು ಅಕ್ಕನೂ ಹೇಳಿಬಿಟ್ಟರೆ ಅವನು ಮೈಗಳ್ಳನೆಂದು ಹೊರಗೆ ಬೀಳುವುದು ಖಂಡಿತ.

ಅಕ್ಕನ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಪ್ರೆಸ್ಸಿನ ಶೆಡ್ಡು ತಪ್ಪಿಸಲು ಅವಳು ಕ್ಯಾಂಟೀನಿಗೆ ಅಂಗಳ ಸುತ್ತಿ ಹೋಗುತ್ತಿದ್ದಳು. ಯಾಕೆಂದು ಕೇಳಿದವರಿಗೆ, ನಡೆದರೆ ಸೊಂಟಕ್ಕೆ ಒಳ್ಳೆಯದು ಎನ್ನುತ್ತಿದ್ದಳು.

ಪರೀಕ್ಷೆಯ ಬೆಳಿಗ್ಗೆ ದರ್ಜಿ ಕೆಲಸದ ಗಂಡನ ಅಂಗಿಯ ಬೆನ್ನಿಗೇ ಅಂಗೈ ಬೆವರು ಒರೆಸಿದಳು. "ಬೇಕಾದ್ರೆ ಒಂದು ತುಂಡು ಬಟ್ಟೆ ಕೊಡ್ತೀನಿ ಕಣೇ, ನನ್ನ ಅಂಗಿ ಬಿಟ್ಬಿಡು" ಎಂದ ಅವನು. ಅವಳಿಗೆ ನಗು ಬರಲಿಲ್ಲ.

ಪರೀಕ್ಷಕಿ ನರೆಗೂದಲಿನ, ಮಿತಮಾತಿನ ಹೆಂಗಸು. ಶೆಡ್ಡಿನ ಬಾಗಿಲಲ್ಲೇ ಎಣ್ಣೆಯ ವಾಸನೆ ಅಕ್ಕನ ಮೂಗಿಗೆ ಬಡಿಯಿತು. ಪ್ರೆಸ್ಸಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಕೆಳಗಿಳಿಯುವುದು. ನಾಟಕದವನು ಗೋಡೆಗೆ ಒರಗಿ ನೋಡುತ್ತಿದ್ದ.

ಮೊಂಡು ಬೆರಳಿನ ಬಲಗೈ ಹೇಗೋ ಗುಂಡಿ ಮುಟ್ಟಿತು. ಎಡಗೈ ತೊಡೆಯ ಮೇಲಿಂದ ಏಳಲೇ ಇಲ್ಲ. ಏಳು ಎಂದಳು ಮನಸ್ಸಿನಲ್ಲೇ. ಅದು ಕೇಳಲಿಲ್ಲ. ಪಕ್ಕದ ಯಂತ್ರ ಧಡ್ ಎಂದಾಗ ಗುಂಡಿಯ ಮೇಲಿದ್ದ ಬಲಗೈಯೂ ಹಿಂದಕ್ಕೆ ಬಂತು. ಕುರ್ಚಿ ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡಳು.

"ಆ ಕೈಗೂ ಏನಾದ್ರೂ ಆಗಿದ್ಯಾ?" ಪರೀಕ್ಷಕಿ ಕೇಳಿದರು.

ಹೌದು ಅಂದರೆ ಪಾರಾಗಬಹುದಿತ್ತು. ಅವಳು ಗೋಡೆಯ ಕಡೆ ತಿರುಗಿದಳು. ಅವನು ಅವಳ ಎಡಗೈಯನ್ನೇ ನೋಡುತ್ತಿದ್ದ. ಏಳದ ಕೈಯ ಪರಿಚಯ ಅವನಿಗಿತ್ತು.

"ಇಲ್ಲ ಮೇಡಂ. ಈ ಕೈಗೆ ಏನೂ ಆಗಿಲ್ಲ, ಆದ್ರೂ ಏಳ್ತಿಲ್ಲ. ಭಯ. ಅವನದೂ ಇದೇ. ಅವನು ನಾಟಕ ಆಡ್ತಿಲ್ಲ."

ಗೋಡೆಯ ಹತ್ತಿರ ಅವನು ಮುಖ ಆ ಕಡೆ ತಿರುಗಿಸಿಕೊಂಡ.

"ಹಾಗಾದ್ರೆ ಏನು ಮಾಡ್ತೀರಿ?" ಪರೀಕ್ಷಕಿಯ ದನಿಯಲ್ಲಿ ಕನಿಕರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಮೊದಲು ಕರೆಂಟ್ ತೆಗೆದು ಸುಮ್ನೆ ಇಲ್ಲಿ ಕೂರ್ಲಿ. ಆಮೇಲೆ ಗುಂಡಿ ಮುಟ್ಲಿ. ತಗಡು ಇಡೋದು ಎಲ್ಲಕ್ಕಿಂತ ಕೊನೆಗೆ. ಭಯಕ್ಕೆ ಔಷಧಿ ಕೊಡೋ ಡಾಕ್ಟರನ್ನೂ ನೋಡ್ಲಿ. ಒಬ್ಬನೇ ಕೂರೋದು ಬೇಡ, ಜೊತೆಗೆ ಯಾರಾದ್ರೂ ಬೇಕು."

"ಯಾರು ಕೂರ್ತಾರೆ?"

ಅಕ್ಕನ ಎಡಗೈ ಇನ್ನೂ ತೊಡೆಯ ಮೇಲೇ ಇತ್ತು.

"ನಾನೇ" ಎಂದಳು. "ಇನ್ನೊಂದು ಸ್ಟೂಲ್ ಹಾಕ್ಸಿ."