ನಿಲ್ಲಮ್ಮನ ಬಾಗಿಲು

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ನಿಲ್ಲಮ್ಮ. ಹದಿನೆಂಟು ವರ್ಷ ಮೆಟ್ಟಿಲು ಒರೆಸಿದವಳನ್ನು ಕೊರೊನಾ ಬಂದ ವರ್ಷ ಸೋಂಕಿನ ವಾರ್ಡಿನ ಹೊರಬಾಗಿಲಿಗೆ ಹಾಕಿದರು. ಒಳಗಿನಿಂದ ಬರುವ ಡಾಕ್ಟರುಗಳು, ನರ್ಸುಗಳು ರಕ್ಷಣಾ ಉಡುಪನ್ನು ಸರಿಯಾದ ಕ್ರಮದಲ್ಲಿ ಕಳಚುತ್ತಾರೋ ಇಲ್ಲವೋ ನೋಡುವುದು ಕೆಲಸ. ಒಟ್ಟು ಹನ್ನೊಂದು ಹೆಜ್ಜೆ. ಮಾಸ್ಕ್ ತೆಗೆಯುವುದು ಹತ್ತನೆಯದು, ಮತ್ತೊಮ್ಮೆ ಕೈ ತೊಳೆಯುವುದು ಹನ್ನೊಂದನೆಯದು. ಯಾರ ಕೈಯಾದರೂ ಅದಕ್ಕೆ ಮೊದಲೇ ಮುಖದ ಕಡೆ ಹೋದರೆ "ನಿಲ್ಲೀ!" ಎಂದು ಗುಡುಗುತ್ತಿದ್ದಳು. ಮೂವತ್ತು ವರ್ಷ ಹೊಟ್ಟೆ ಕೊಯ್ದು ಹೊಲಿದ ಸರ್ಜನ್ನರು ಅರ್ಧ ಬಿಚ್ಚಿದ ಷೂ ಕವರಿನೊಂದಿಗೆ ಒಂಟಿ ಕಾಲಲ್ಲಿ ಕಲ್ಲಾಗುತ್ತಿದ್ದರು.

"ಮನೇಲಿ ನನ್ನ ಮಾತಿಗೆ ಬೆಕ್ಕೂ ತಲೆ ಎತ್ತಲ್ಲ. ಇಲ್ಲಿ ನೋಡೇ, ಅಷ್ಟೆಲ್ಲಾ ಓದಿರೋರು ಮಿಸುಕಲ್ಲ!" ಎಂದು ಮಗಳಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು.

ಅರವತ್ತಮೂರು ದಿನ ಆ ಬಾಗಿಲಿನಿಂದ ಹೊರಬಂದ ಯಾರಿಗೂ ಸೋಂಕು ತಗಲಲಿಲ್ಲ. ಅರವತ್ತನಾಲ್ಕನೆಯ ದಿನ ಹಿರಿಯ ನರ್ಸಿಗೆ ಜ್ವರ ಬಂತು. ಮೂರೇ ದಿನದಲ್ಲಿ ಸಿಬ್ಬಂದಿಯ ಆರು ಜನ ಪಾಸಿಟಿವ್. ಆರನೆಯವಳು ಸ್ವತಃ ನಿಲ್ಲಮ್ಮ.

ಆರೂ ಜನರನ್ನು ಒಂದೇ ವಾರ್ಡಿನಲ್ಲಿ ಮಲಗಿಸಿದರು. ಅದೃಷ್ಟಕ್ಕೆ ಯಾರಿಗೂ ಉಸಿರಾಟದ ತೊಂದರೆ ಇರಲಿಲ್ಲ. ಜ್ವರ ಇಳಿದದ್ದೇ ತಡ, ಗಲಾಟೆ ಶುರುವಾಯಿತು. ಇಷ್ಟು ದಿನ ರೋಗಿಗಳನ್ನು ನೋಡಿಕೊಂಡೇ ಗೊತ್ತಿದ್ದವರು. ನೋಡಿಸಿಕೊಳ್ಳಲು ಒಬ್ಬರೂ ತಯಾರಿಲ್ಲ. ಹಿರಿಯ ನರ್ಸ್ ಬೆಳಗಿನ ಐದಕ್ಕೇ ಎದ್ದು ಎಲ್ಲರ ಕಂಕುಳಿಗೆ ಥರ್ಮಾಮೀಟರ್ ತುರುಕುತ್ತಾ ಬಂದರೆ, ಕಿರಿಯ ನರ್ಸ್ ಅದೇ ಕೆಲಸಕ್ಕೆ ಇನ್ನೊಂದು ತುದಿಯಿಂದ ಹೊರಡುತ್ತಿದ್ದಳು. ಇಬ್ಬರೂ ಎದುರಾಗುತ್ತಿದ್ದದ್ದು ಎಕ್ಸ್‌ರೇ ಟೆಕ್ನಿಷಿಯನ್ನನ ಮಂಚದ ಬಳಿ.

"ಅಕ್ಕಾ, ಈಗ ತಾನೇ ನೋಡಿದ್ರಲ್ಲ! ತೊಂಬತ್ತೆಂಟು ಪಾಯಿಂಟ್ ನಾಲ್ಕು!"

"ಅದು ಅವಳು ನೋಡಿದ್ದು. ಇದು ನಾನು ನೋಡೋದು. ಕೈ ಎತ್ತೋ, ನಾಟಕ ಸಾಕು."

ಈ ಗಲಾಟೆಯ ನಡುವೆಯೇ ಮೇಟ್ರನ್ ಫೋನ್ ಮಾಡಿದರು. "ಬಾಗಿಲಲ್ಲೇ ಏನೋ ಎಡವಟ್ಟಾಗಿದೆ, ನಿಲ್ಲಮ್ಮ. ಅಲ್ಲಿಗೆ ಡಿಪ್ಲೊಮಾ ಆದೋರನ್ನ ಹಾಕ್ತೀವಿ. ವಾಸಿಯಾದ ಮೇಲೆ ನೀನು ಮೆಟ್ಟಿಲಿಗೇ ಹೋಗು. ಶನಿವಾರ ದೊಡ್ಡ ಡಾಕ್ಟರು ಸಹಿ ಹಾಕ್ತಾರೆ."

ನಿಲ್ಲಮ್ಮ ಮಂಚದ ಮೇಲೆ ಕುಕ್ಕರಿಸಿದಳು. ಮೆಟ್ಟಿಲು ಒರೆಸುವುದು ಅವಳಿಗೆ ಅವಮಾನವಲ್ಲ. ತನ್ನ ಕಣ್ತಪ್ಪಿಸಿ ರೋಗ ಹೊರಗೆ ಬಂತು ಎಂಬ ಮಾತನ್ನು ಮಾತ್ರ ನುಂಗಲಾಗಲಿಲ್ಲ. ಮಾತ್ರೆಯ ರಟ್ಟಿನ ಡಬ್ಬಿಯನ್ನು ಹರಿದು, ಅದರ ಬಿಳಿ ಬೆನ್ನಿನ ಮೇಲೆ ಬರೆಯತೊಡಗಿದಳು: ಯಾರು, ಜ್ವರ ಯಾವತ್ತು, ಬಾಗಿಲಿನಿಂದ ಕೊನೆಗೆ ಬಂದದ್ದು ಯಾವತ್ತು.

"ನೀನು ಯಾವತ್ತು ಬಂದಿದ್ದೋ?" ಟೆಕ್ನಿಷಿಯನ್ನನನ್ನು ಕೇಳಿದಳು.

"ನಾನೆಲ್ಲಿ ಬಂದೆ? ಆ ವಾರ್ಡೊಳಗೆ ಕಾಲೇ ಇಟ್ಟಿಲ್ಲ. ನನ್ನ ಮಷಿನ್ ಇರೋದು ಹಿಂದಿನ ಕಟ್ಟಡದಲ್ಲಿ."

"ನೀನಪ್ಪಾ?" ಬಟ್ಟೆ ಕೋಣೆ ನೋಡಿಕೊಳ್ಳುವವನತ್ತ ತಿರುಗಿದಳು.

"ನಾನೂ ಇಲ್ಲ ಕಣಕ್ಕಾ. ಒಗೆದ ಬಟ್ಟೆ ಕೊಡೋದು, ಬಾಗಿಲು ಮುಚ್ಚೋದು. ನಾನುಂಟು, ನನ್ನ ಕೋಣೆಯುಂಟು."

ಬಾಗಿಲನ್ನೇ ದಾಟದ ಇಬ್ಬರಿಗೆ ಬಾಗಿಲಿನಿಂದ ರೋಗ ಬರುವುದು ಹೇಗೆ? ಹಾಗಾದರೆ ಆರೂ ಜನ ಸೇರುತ್ತಿದ್ದದ್ದು ಎಲ್ಲಿ? ಪ್ರಶ್ನೆ ಬಾಯಿಂದ ಹೊರಡುವ ಮೊದಲೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ಆರೂ ಜನ ಮೂಗು ಮುಟ್ಟಿಕೊಂಡರು.

ಬಟ್ಟೆ ಕೋಣೆ! ಎಂಟಡಿ ಉದ್ದ, ಆರಡಿ ಅಗಲ, ಕಿಟಕಿಯಿಲ್ಲ. ದಿನಾ ಮೂರೂವರೆಗೆ ಅಲ್ಲಿ ಚಹಾ. ಹನ್ನೊಂದು ಹೆಜ್ಜೆ ಮುಗಿಸಿ ಬಂದವರಿಗೆ ಇನ್ನು ಭಯವಿಲ್ಲವೆಂಬ ಧೈರ್ಯ. ಮಾಸ್ಕ್ ಜೇಬಿನಲ್ಲಿ, ಭುಜಕ್ಕೆ ಭುಜ. ರೋಗಿಗಳಿಗೆ ಅಷ್ಟು ಹೆದರಿದವರಿಗೆ ಒಬ್ಬರಿಗೊಬ್ಬರು ಹೆದರಬೇಕೆಂದು ಹೊಳೆದಿರಲೇ ಇಲ್ಲ. ಸಾಲದ್ದಕ್ಕೆ ಅಲ್ಲಿ ನಿಲ್ಲಮ್ಮನ ಅಣಕ ನಡೆಯುತ್ತಿತ್ತು. ದೊಡ್ಡ ಡಾಕ್ಟರು ಎರಡು ಸಲ ಕೆಮ್ಮಿ, "ಒಂದು... ಸಣ್ಣ ವಿಷಯ" ಎಂದು ಶುರುಮಾಡಿ ನಲವತ್ತು ನಿಮಿಷ ಕೊರೆಯುವುದನ್ನು ಅವಳು ಮಾಡಿ ತೋರಿಸುತ್ತಿದ್ದಳು. ಉಳಿದವರು ಹೊಟ್ಟೆ ಹಿಡಿದುಕೊಂಡು, ಬಾಯಿ ಅಗಲಿಸಿ, ಬಿಸ್ಕತ್ತಿನ ಪುಡಿ ಹಾರಿಸುತ್ತಾ ನಗುತ್ತಿದ್ದರು.

"ದೊಡ್ಡ ಡಾಕ್ಟರಿಗೆ ಚಹಾ ಕುಡಿದ್ವಿ ಅನ್ನು. ಅಣಕದ ವಿಷಯ ನುಂಗ್ಬಿಡು ತಾಯಿ," ಹಿರಿಯ ನರ್ಸ್ ಕೈಮುಗಿದಳು.

"ಸುಮ್ನೆ ಕುಡಿದಿದ್ರೆ ಇಷ್ಟು ಜನಕ್ಕೆ ಹರಡ್ತಿತ್ತಾ? ನಕ್ಕಿದ್ದೇ ಮುಖ್ಯ. ಅರ್ಧ ಹೇಳಿದ್ರೆ ಯಾರೂ ನಂಬಲ್ಲ, ಬಾಗಿಲೂ ಉಳಿಯಲ್ಲ."

ಶನಿವಾರ ಬೆಳಿಗ್ಗೆ ದೊಡ್ಡ ಡಾಕ್ಟರಿಗೆ ತಾನೇ ಫೋನ್ ಮಾಡಿದಳು. ಸ್ಪೀಕರ್ ಹಾಕಿ, ಡಬ್ಬಿಯ ಬೆನ್ನಿನ ಮೇಲಿದ್ದುದನ್ನು ಓದಿದಳು. ಆಮೇಲೆ ಬಟ್ಟೆ ಕೋಣೆ, ಚಹಾ, ಅಣಕ, ಎಲ್ಲವನ್ನೂ ಹೇಳಿದಳು.

"ಮಾಡಿ ತೋರಿಸು," ಎಂದರು ದೊಡ್ಡ ಡಾಕ್ಟರು.

"ಸಾರ್, ಬೇಡ..."

"ತನಿಖೆಗೆ ಬೇಕು."

ನಿಲ್ಲಮ್ಮ ಎರಡು ಸಲ ಕೆಮ್ಮಿದಳು. "ಒಂದು... ಸಣ್ಣ ವಿಷಯ." ಹಿರಿಯ ನರ್ಸ್ ದಿಂಬನ್ನು ಬಾಯಿಗೆ ತುರುಕಿಕೊಂಡಳು.

ಫೋನಿನಲ್ಲೂ ಎರಡು ಕೆಮ್ಮು ಕೇಳಿಸಿತು. "ನೋಡು ನಿಲ್ಲಮ್ಮ, ಒಂದು... ಸಣ್ಣ ವಿಷಯ. ನಾನು ಹಾಗೆ ಮಾತಾಡಲ್ಲ."

ದಿಂಬು ಒಂದು ಕಡೆ, ನರ್ಸ್ ಒಂದು ಕಡೆ. ಟೆಕ್ನಿಷಿಯನ್ ಮಂಚದಿಂದ ಜಾರಿ ನೆಲ ಸೇರಿದ. ಫೋನಿನೊಳಗೆ ದೊಡ್ಡ ಡಾಕ್ಟರೂ ಕುರ್ಚಿ ಕಿರುಗುಟ್ಟಿಸಿಕೊಂಡು ನಗುತ್ತಿದ್ದರು. ಉಸಿರು ಸರಿಮಾಡಿಕೊಂಡ ಮೇಲೆ ಅವರು ಹೇಳಿದ್ದು ಇಷ್ಟು: ಸಹಿ ಹಾಕುವುದಿಲ್ಲ, ಬಾಗಿಲು ನಿನ್ನದೇ, ಬಟ್ಟೆ ಕೋಣೆಯ ಚಹಾ ಬಂದ್, ಇನ್ನು ಮೇಲೆ ತಾರಸಿಯಲ್ಲಿ, ಆರಾರು ಅಡಿ ದೂರದಲ್ಲಿ.

ವಾಸಿಯಾಗಿ ಬಂದ ದಿನ ನಿಲ್ಲಮ್ಮ ಟೇಪು ಹಿಡಿದು ಅಳೆದು, ತಾರಸಿಯ ಮೇಲೆ ಆರಾರು ಅಡಿಗೊಂದು ಇಟ್ಟಿಗೆ ಇಟ್ಟಳು. ಒಬ್ಬೊಬ್ಬರು ಒಂದೊಂದರ ಬಳಿ ನಿಂತರು. ಅಷ್ಟು ದೂರಕ್ಕೆ ಅಣಕ ಕೇಳಿಸಬೇಕಾದರೆ ಕಿರುಚಲೇಬೇಕು. ಕಿರುಚಿದಳು. ಕೆಳಗೆ ಚೀಟಿ ಸಾಲಿನಲ್ಲಿದ್ದವರೆಲ್ಲ ಕತ್ತೆತ್ತಿ ನೋಡಿದರು. ಯಾರನ್ನು ಅಣಕಿಸುತ್ತಿದ್ದಾಳೆಂದು ತಿಳಿಯದೆಯೂ ನಗತೊಡಗಿದರು.

ಗದರಿಸಲೆಂದೇ ಮೇಟ್ರನ್ ಏದುಸಿರು ಬಿಡುತ್ತಾ ತಾರಸಿಗೆ ಬಂದರು. ನಿಲ್ಲಮ್ಮ ಅವರಿಗೂ ಒಂದು ಇಟ್ಟಿಗೆ ತೋರಿಸಿದಳು.