ಅವನು ಮೆಚ್ಚಿದ ಬಿಯರು

ಮುನಿರಾಬಾದಿನ ಕಾಲೊನಿಯಲ್ಲಿ ನಾನೊಬ್ಬನೇ ಇರುವ ಮನೆಯ ಹಿಂದಿನ ಕೋಣೆಯಲ್ಲಿ ಬಿಯರು ಮಾಡುತ್ತಿದ್ದೆ. ಅಂಗಡಿಯಲ್ಲಿ ಸಿಗುವ ತೆಳ್ಳನೆಯದಲ್ಲ. ಏಲ್ ಎನ್ನುತ್ತಾರಲ್ಲ, ಕಂದು ಬಣ್ಣದ, ಗಟ್ಟಿ ಜಾತಿಯದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿದ ಸಿಹಿ ರಸಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿ ಡ್ರಮ್ಮಿನಲ್ಲಿ ಮುಚ್ಚಿಡುವುದು. ಅಮಲು ಏರಲೆಂದು ಬೆಲ್ಲವನ್ನೂ ಹಾಕುತ್ತಿದ್ದೆ.

ಸೋಸಿ ಉಳಿದ ಕಾಳನ್ನು ಪಕ್ಕದ ಮನೆಯ ಅಮ್ಮ ತಮ್ಮ ಎಮ್ಮೆಗೆ ಒಯ್ಯುತ್ತಿದ್ದರು. ನಾನು ಮಾಲ್ಟ್ ಕಾಸಿಕೊಂಡು ಕುಡಿಯುತ್ತೇನೆಂದು ಅವರು ತಿಳಿದಿದ್ದರು. ನಾನು ತಿದ್ದಲಿಲ್ಲ.

ಒಂದು ಸಂಜೆ ಅವರು ಮಗನನ್ನು ಕರೆದುಕೊಂಡು ಬಂದರು. ಕಾಲುವೆ ಕೆಲಸಕ್ಕೆ ಕೂಲಿ ಹೋಗುವವನು, ಇಬ್ಬರು ಮಕ್ಕಳ ತಂದೆ.

"ಸರ, ಇಂವ ದಿನಾ ಕುಡದು ಬರ್ತಾನ್ರಿ. ನೀವು ಯಾವ ಚಟಾ ಇಲ್ಲದ ಮನಷ್ಯಾರು. ನೀವರ ಬುದ್ಧಿ ಹೇಳ್ರಿ," ಎಂದು ಅವನನ್ನು ಕೂರಿಸಿ ಹೋದರು.

ಆರೋಗ್ಯ, ಹೆಂಡತಿ, ಮಕ್ಕಳು ಎಂದು ಏನೇನೋ ಹೇಳಿದೆ. ಒಳಗೆ ಡ್ರಮ್ಮು ಬುಳಬುಳ ಎನ್ನುತ್ತಿತ್ತು. ತಲೆ ತಗ್ಗಿಸಿ ಕೇಳುತ್ತಿದ್ದವನು ಮೂಗೆತ್ತಿ ವಾಸನೆ ಹಿಡಿದು ನಕ್ಕ.

"ಒಳಗ ಏನಿಟ್ಟೀರಿ ಸರ?"

ಅವನ ಬಾಯಿ ಮುಚ್ಚಿಸಲೆಂದು ಹಿಂದಿನ ಸಲದ ಬಾಟಲಿ ಬಿಚ್ಚಿ ಒಂದು ಗ್ಲಾಸು ಕೊಟ್ಟೆ. ನೊರೆ ಇಳಿಯುವವರೆಗೆ ಕಾಯ್ದು, ಗುಟುಕರಿಸಿ ಕಣ್ಣು ಮುಚ್ಚಿದ.

"ಭಾಳ ಛಲೋ ಐತ್ರಿ. ಮೊದಲ ಬೆಲ್ಲ ಸುಟ್ಟಂಗ, ಆಮ್ಯಾಲ ಕಹಿ. ಖಡಕ್ ಐತಿ."

ನನ್ನ ಗೆಳೆಯರು ಅರ್ಧ ಗ್ಲಾಸಿಗೇ ಮುಖ ಕಿವುಚಿದ್ದರು. ಹಾಗೆ ಯಾರೂ ಮೆಚ್ಚಿರಲಿಲ್ಲ. ಎಷ್ಟು ಹಿಗ್ಗಿದೆನೆಂದರೆ, ಅವನು ಯಾತಕ್ಕೆ ಬಂದವನೆಂಬುದನ್ನೇ ಮರೆತು ಇನ್ನಷ್ಟು ಸುರಿದೆ.

ಆಮೇಲೆ ಅವನು ಆಗಾಗ ಬರತೊಡಗಿದ. ಹೊಸ ಬಾಟಲಿಯ ರುಚಿ ಅವನ ಬಾಯಿಂದಲೇ ಕೇಳಬೇಕೆಂದು ನಾನೂ ಕಾಯುತ್ತಿದ್ದೆ. ಮನೆಗೆ ಹೊರಟಾಗ ಬಾಯಿಗೆ ಹಾಕಿಕೊಳ್ಳಲು ಏಲಕ್ಕಿಯನ್ನೂ ನಾನೇ ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಕಾಳಿಗೆ ಬಂದ ಅಮ್ಮ ಕೈಮುಗಿದರು. "ನಿಮ್ಮ ಉಪಕಾರ ಮರಿಯಂಗಿಲ್ರಿ ಸರ. ಈಗ ಅಂವ ಅಂಗಡಿ ಕಡೆ ಹೊಳ್ಳಿ ನೋಡಂಗಿಲ್ಲ. ಸೀದಾ ನಿಮ್ಮ ಮನಿಗೇ ಬರ್ತಾನ."

ಮುಗಿದ ಆ ಕೈಗಳನ್ನು ನನ್ನಿಂದ ನೋಡಲಾಗಲಿಲ್ಲ. ಕೋಣೆಯ ಬಾಗಿಲು ತೆರೆದು ಡ್ರಮ್ಮು ತೋರಿಸಿದೆ. ಅದೇನೆಂದು ಹೇಳಿದೆ. ಮಗನಿಗೆ ಕೊಟ್ಟದ್ದನ್ನೂ ಹೇಳಿದೆ.

ಅವರು ಹೊಸ್ತಿಲು ದಾಟದೆ ಒಳಗೆ ಇಣುಕಿ ನೋಡಿದರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

"ಇನ್ನ ಅವನ್ನ ಒಳಗ ಕರೀಬ್ಯಾಡ್ರಿ," ಎಂದರು. ಆಗಲೂ ಆ 'ರಿ' ಬಿಡಲಿಲ್ಲ. ನನಗೆ ಚುಚ್ಚಿದ್ದು ಅದೇ.

ಮಗ ಮತ್ತೆ ಅಂಗಡಿಗೆ ಹೋಗುತ್ತಾನಂತೆ. ದಾರಿಯಲ್ಲಿ ಆ ಅಮ್ಮ ಎದುರಾದರೆ ನಾನು ಫೋನು ತೆಗೆದು, ಅದನ್ನೇ ನೋಡುತ್ತಾ ದಾಟಿಹೋಗುತ್ತೇನೆ.